ತಾಯಿ ಕಾರ್ಡಿನಲ್ಲಿ ಬರೆಯುವ ವಯಸ್ಸು

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸು. ಅಕ್ಕಪಕ್ಕದ ಸೀಟಿನಲ್ಲಿ ಇಬ್ಬರು. ಒಬ್ಬರು ಆರೋಗ್ಯ ಉಪಕೇಂದ್ರಗಳಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ಊರವರಿಗೆ ಈಗಲೂ ಅವರು ‘ಸಿಸ್ಟರ್’. ಇನ್ನೊಬ್ಬರು ಪಿಯು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವ ಯುವಕ. ವಯಸ್ಸು ಸಣ್ಣದಾದರೂ ಎಲ್ಲರಿಗೂ ‘ಮೇಷ್ಟ್ರು’. ಮಾತು ಶುರುವಾದದ್ದು ದಾರಿಬದಿಯ ಒಂದು ಶಾಲೆಯ ಬೀಗ ಕಂಡು.

ಮೇಷ್ಟ್ರು: ನೋಡಿ ಸಿಸ್ಟರ್, ಇನ್ನೊಂದು ಶಾಲೆ ಬಾಗಿಲು ಹಾಕಿತು. ಮಾಸ್ತರರಿದ್ದಾರೆ, ಬಿಸಿಯೂಟ ಇದೆ, ಮಕ್ಕಳೇ ಇಲ್ಲ. ಮಲೆನಾಡು ಮುದುಕರ ಸೀಮೆ ಆಗ್ತಾ ಇದೆ.

ಸಿಸ್ಟರ್: ಮಕ್ಕಳಿಲ್ಲದ್ದಕ್ಕೆ ಬೇಜಾರು ಮಾಡ್ತೀರಾ? ನಾವು ಕೆಲಸಕ್ಕೆ ಸೇರಿದಾಗ ‘ಎರಡು ಸಾಕು’ ಅಂತ ಗೋಡೆಗೋಡೆಗೆ ಬರೆಸಿದ್ದೆವು. ಜನ ಮಾತು ಕೇಳಿದ್ರು. ಈಗ ಯಾಕೆ ಕೇಳಿದ್ರಿ ಅಂತ ಬೈಯೋದಾ?

ಮೇಷ್ಟ್ರು: ಬೈಯ್ತಾ ಇಲ್ಲ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸಿಗೆ ಸರಾಸರಿ ಮೂರರ ಹತ್ತಿರ ಮಕ್ಕಳು. 2019-21ರ ಐದನೆಯ ಸಮೀಕ್ಷೆ ಹೊತ್ತಿಗೆ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೆ 2.1 ಬೇಕು. ನಮ್ಮ ಶಿವಮೊಗ್ಗ ಜಿಲ್ಲೆ 2001ರಿಂದ 2011ರವರೆಗೆ ಬೆಳೆದದ್ದು ಶೇ. 6.7, ಇಡೀ ರಾಜ್ಯ ಬೆಳೆದದ್ದು ಶೇ. 15.6. ಪಕ್ಕದ ಚಿಕ್ಕಮಗಳೂರಿನಲ್ಲಿ ಜನ ಕಮ್ಮಿಯೇ ಆದರು. ಇದೆಲ್ಲ ಸರಿ. ಆದರೆ ಪತ್ರಿಕೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಹಾಸ್ಟೆಲಿನಲ್ಲಿ ಹೆತ್ತಳು ಅಂತಲೂ ಓದ್ತೀನಿ. ಹೆರೋದು ಕಮ್ಮಿಯಾದ ರಾಜ್ಯದಲ್ಲಿ ಹೆರಬಾರದ ವಯಸ್ಸಿನವರು ಯಾಕೆ ಹೆರ್ತಾ ಇದ್ದಾರೆ?

ಸಿಸ್ಟರ್: ಅವೆರಡೂ ಬೇರೆ ಬೇರೆ ಲೆಕ್ಕ ಮಾರಾಯ್ರೆ. ಎಷ್ಟು ಹೆತ್ತಳು ಅನ್ನೋದು ಒಂದು, ಯಾವಾಗ ಹೆತ್ತಳು ಅನ್ನೋದು ಇನ್ನೊಂದು. ನಮ್ಮ ರಾಜ್ಯ ಮೊದಲನೆಯದರಲ್ಲಿ ಗೆದ್ದಿತು. ಹೇಗೆ ಗೆದ್ದಿತು ಗೊತ್ತಾ?

ಮೇಷ್ಟ್ರು: ಹುಡುಗಿಯರು ಓದಿದರು, ಮದುವೆ ಮುಂದೆ ಹಾಕಿದರು…

ಸಿಸ್ಟರ್: ಅದು ಸ್ವಲ್ಪ. ಹೆಚ್ಚಿನದು ಆಪರೇಷನ್. ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಸಂತಾನಹರಣ ಚಿಕಿತ್ಸೆ ಆಗಿದೆ ಅಂತ ನಿಮ್ಮ ಅದೇ ಸಮೀಕ್ಷೆ ಹೇಳ್ತದೆ. ಗಂಡಸರದು ಲೆಕ್ಕಕ್ಕೇ ಸಿಗಲ್ಲ, ಸೊನ್ನೆ. ನಾನು ಕ್ಯಾಂಪಿಗೆ ಕರ್ಕೊಂಡು ಹೋದವರಲ್ಲಿ ಎಷ್ಟೋ ಜನ ಇಪ್ಪತ್ತನಾಲ್ಕು, ಇಪ್ಪತ್ತೈದರವರು. ಹದಿನೆಂಟಕ್ಕೆ ಮದುವೆ, ಇಪ್ಪತ್ತಕ್ಕೆ ಒಂದು, ಇಪ್ಪತ್ತೆರಡಕ್ಕೆ ಇನ್ನೊಂದು, ಆಮೇಲೆ ಆಪರೇಷನ್. ಬೇಗ ಶುರು ಮಾಡಿ ಬೇಗ ಮುಗಿಸಿದ್ರು. ಜನನ ಪ್ರಮಾಣ ಇಳಿಯಿತು, ಮದುವೆ ವಯಸ್ಸು ಅಷ್ಟು ಏರಲಿಲ್ಲ.

ಮೇಷ್ಟ್ರು: ಹಾಗಾದರೆ 1.7 ಅನ್ನೋದನ್ನ ಹೆಣ್ಣುಮಕ್ಕಳು ಮುಂದೆ ಬಂದದ್ದಕ್ಕೆ ಸಾಕ್ಷಿ ಅಂತ ನಾನು ಕ್ಲಾಸಿನಲ್ಲಿ ಹೇಳೋ ಹಾಗಿಲ್ಲ.

ಸಿಸ್ಟರ್: ಹೇಳಿ, ಅರ್ಧ ಹೇಳಿ. ಇನ್ನರ್ಧಕ್ಕೆ ಬೇರೆ ಎರಡು ಅಂಕಿ ಇವೆಯಲ್ಲ, ಅವನ್ನ ನೀವೇ ಹೇಳಿ, ನಿಮಗೆ ಬಾಯಿಪಾಠ.

ಮೇಷ್ಟ್ರು: ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರನ್ನು ‘ನಿಮ್ಮ ಮದುವೆ ಹದಿನೆಂಟಕ್ಕೆ ಮೊದಲೇ ಆಯಿತಾ’ ಅಂತ ಕೇಳ್ತಾರೆ. 2005-06ರಲ್ಲಿ ಕರ್ನಾಟಕದಲ್ಲಿ ಹೌದು ಅಂದವರು ಶೇ. 40ಕ್ಕೂ ಹೆಚ್ಚು. 2015-16ರಲ್ಲಿ 21.4. 2019-21ರಲ್ಲಿ 21.3. ಹತ್ತು ವರ್ಷದಲ್ಲಿ ಅರ್ಧಕ್ಕೆ ಇಳಿದದ್ದು ಅಲ್ಲೇ ನಿಂತುಬಿಟ್ಟಿದೆ. ಇನ್ನೊಂದು, ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ಆಗಲೇ ತಾಯಿ ಆದವರು ಅಥವಾ ಬಸಿರಿಯರು: ಶೇ. 17ರ ಸುತ್ತ ಇದ್ದದ್ದು 7.8 ಆಗಿ, 2019-21ರಲ್ಲಿ 5.4. ಇದು ದೇಶದ ಸರಾಸರಿಗಿಂತ ಕಮ್ಮಿ, ಅಲ್ಲಿ 6.8.

ಸಿಸ್ಟರ್: ಒಂದು ನಿಂತಿದೆ, ಒಂದು ಇಳೀತಾ ಇದೆ. ಯಾವುದನ್ನ ನಂಬ್ತೀರಿ?

ಮೇಷ್ಟ್ರು: ಎರಡನ್ನೂ. ಮೊದಲನೆಯದು ಹಿಂದಿನ ಕಥೆ. ಇಪ್ಪತ್ನಾಲ್ಕರವಳ ಮದುವೆ ಆಗಿದ್ದು ಏಳೆಂಟು ವರ್ಷದ ಕೆಳಗೆ ಇರಬಹುದು. ಎರಡನೆಯದು ಇವತ್ತಿನದು. ಹಾಗಾಗಿ ನನಗೆ ಆಸೆ ಇದೆ. ಕಾನೂನು ಬಿಗಿಯಾಯಿತು, ಫಲ ಸಿಗ್ತಾ ಇದೆ.

ಸಿಸ್ಟರ್: ನನಗೆ ಅಷ್ಟು ಆಸೆ ಇಲ್ಲ. ಯಾಕಂದ್ರೆ ಆ ಅಂಕಿಗಳನ್ನ ಬರೆಯೋ ಕೈ ಯಾವುದು ಅಂತ ನನಗೆ ಗೊತ್ತು. ಒಂದು ಸಂಗತಿ ಹೇಳ್ತೀನಿ. ಒಬ್ಬಳು ಹುಡುಗಿ ಉಪಕೇಂದ್ರಕ್ಕೆ ಬಂದಳು, ಜೊತೆಗೆ ಅತ್ತೆ. ತಾಯಿ ಕಾರ್ಡು ಮಾಡಿಸಬೇಕು. ಹೆಸರು ಕೇಳಿದೆ, ಅತ್ತೆ ಹೇಳಿದ್ರು. ಮುಟ್ಟಾಗಿ ಎಷ್ಟು ದಿನ ಆಯ್ತು ಅಂದೆ, ಅದನ್ನೂ ಅತ್ತೆಯೇ ಹೇಳಿದ್ರು. ವಯಸ್ಸು ಅಂದೆ. ‘ಹತ್ತೊಂಬತ್ತು, ಬರ್ಕೊಳ್ಳಿ’ ಅಂದ್ರು. ಹುಡುಗಿ ಕಾಲ ಹೆಬ್ಬೆರಳಿನಲ್ಲಿ ನೆಲ ಕೆರೀತಾ ಇದ್ದಳು. ತೂಕ ನೋಡಿದೆ, ಮೂವತ್ತೆಂಟು ಕಿಲೋ. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ಬಿಳೀ ಕಾಗದದ ಹಾಗೆ. ಆಧಾರ್ ಕಾರ್ಡಿನಲ್ಲಿ ಹತ್ತೊಂಬತ್ತೇ ಇತ್ತು. ಶಾಲೆ ಟಿ.ಸಿ. ತನ್ನಿ ಅಂತ ಹೇಳಬಹುದಿತ್ತು. ಹೇಳಿದ್ದರೆ ಅವರು ಮತ್ತೆ ಬರ್ತಾ ಇರಲಿಲ್ಲ.

ಮೇಷ್ಟ್ರು: ಹಾಗಂತ ಹತ್ತೊಂಬತ್ತು ಅಂತ ಬರೆದ್ರಾ?

ಸಿಸ್ಟರ್: ಅವರ ಕಾಗದದಲ್ಲಿ ಇದ್ದದ್ದನ್ನ ಬರೆದೆ. ಕಬ್ಬಿಣದ ಮಾತ್ರೆ ಕೊಟ್ಟೆ, ತಿಂಗಳು ತಿಂಗಳು ರಕ್ತ ನೋಡಿದೆ. ನಮ್ಮ ರಾಜ್ಯದಲ್ಲಿ ಆ ವಯಸ್ಸಿನ ಹುಡುಗಿಯರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅದರ ಮೇಲೆ ಬಸಿರು ಬಂದರೆ ಬಿಪಿ ಏರ್ತದೆ, ಫಿಟ್ಸ್ ಬರ್ತದೆ, ದಿನ ತುಂಬೋ ಮೊದಲೇ ಹೆರಿಗೆ, ಕೂಸು ಎರಡು ಕಿಲೋ ತೂಗಲ್ಲ. ಈಗ ನೀವು ಹೇಳಿ, ನಾನು ಪೊಲೀಸರಿಗೆ ಫೋನ್ ಮಾಡಬೇಕಿತ್ತಾ, ಬಿಪಿ ನೋಡಬೇಕಿತ್ತಾ?

ಮೇಷ್ಟ್ರು: ಎರಡೂ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಹದಿನೆಂಟರ ಒಳಗಿನವಳ ಒಪ್ಪಿಗೆಗೆ ಬೆಲೆಯೇ ಇಲ್ಲ. ವಿಷಯ ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. 2017ರಲ್ಲಿ ಸುಪ್ರೀಂ ಕೋರ್ಟು, ಹೆಂಡತಿಯೇ ಆಗಿರಲಿ, ಹದಿನೆಂಟು ತುಂಬದಿದ್ದರೆ ಅದು ಅತ್ಯಾಚಾರ ಅಂತ ಹೇಳಿತು. ನಮ್ಮ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2016ರ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಮಾಡಿತು. ಎಲ್ಲರೂ ನಿಮ್ಮ ಹಾಗೆ ಅಯ್ಯೋ ಪಾಪ ಅಂತ ಕೂತರೆ ಈ ಕಾನೂನು ಯಾರಿಗೆ?

ಸಿಸ್ಟರ್: ಕಾಗದದಲ್ಲಿ ಮದುವೆಯೇ ಆಗಿಲ್ಲ, ಮನೆಯಲ್ಲಿ ಕೂಸು ಅಳ್ತಾ ಇದೆ. ಗಂಡ ಜೈಲಿನಲ್ಲಿ. ಅವಳನ್ನ ಸಾಕೋರು ಯಾರು ಮೇಷ್ಟ್ರೆ? ತವರಿನವರು ‘ಮಾನ ಹೋಯ್ತು’ ಅಂತಾರೆ, ಗಂಡನ ಮನೆಯವರು ‘ಕೇಸು ಹಾಕಿಸಿದವಳು’ ಅಂತಾರೆ.

ಮೇಷ್ಟ್ರು: ಸರಿ, ಇನ್ನೊಂದು ಕಡೆಯಿಂದ ನೋಡಿ. ಮೂವತ್ತೆರಡರ ಗಂಡು ಹದಿನಾರರ ಹುಡುಗಿಯನ್ನ ಕರ್ಕೊಂಡು ಬಂದು ಇದೇ ಮಾತು ಹೇಳ್ತಾನೆ: ‘ಕೇಸು ಮಾಡಿದ್ರೆ ಅವಳನ್ನ ಸಾಕೋರು ಯಾರು?’ ಮಾವನೋ ಚಿಕ್ಕಪ್ಪನೋ ಕೆಡಿಸಿದ ಹುಡುಗಿಗೆ ಮನೆಯವರು ಯಾವನನ್ನೋ ಹುಡುಕಿ ತಾಳಿ ಕಟ್ಟಿಸ್ತಾರೆ. ನಿಮ್ಮ ಮುಂದೆ ಬಂದ ಹುಡುಗಿ ಇವರಲ್ಲಿ ಯಾರು ಅಂತ ನಿಮಗೆ ಹೇಗೆ ಗೊತ್ತು? ಅವಳು ಬಾಯಿಯನ್ನೇ ಬಿಡಲಿಲ್ಲ ಅಂತ ನೀವೇ ಹೇಳಿದ್ರಿ.

ಸಿಸ್ಟರ್: …ಅದು ಹೌದು. ಅತ್ತೆಯನ್ನ ಹೊರಗೆ ಕೂರಿಸಿ ಅವಳ ಹತ್ತಿರ ಮಾತಾಡಬೇಕು. ಅಷ್ಟು ಜಾಗವೂ ಎಷ್ಟೋ ಉಪಕೇಂದ್ರದಲ್ಲಿ ಇರಲ್ಲ. ಒಂದೇ ಕೋಣೆ, ಒಂದೇ ಬೆಂಚು.

ಮೇಷ್ಟ್ರು: ಅದಕ್ಕೇ ಕಾನೂನು ಕಣ್ಣು ಮುಚ್ಚಿಕೊಂಡು ಹದಿನೆಂಟು ಅಂತ ಗೆರೆ ಎಳೆದದ್ದು.

ಸಿಸ್ಟರ್: ಕಣ್ಣು ಮುಚ್ಚಿಕೊಂಡೇ ಎಳೆದದ್ದು, ನಿಜ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬಂದು ಪ್ರೀತಿ ಮಾಡಿದವರು, ಅವರಿಗೂ ಅದೇ ಗೆರೆ. ಅಪ್ಪ ಕಂಪ್ಲೇಂಟ್ ಕೊಡೋದು ಮಗಳ ಮೇಲಿನ ಕನಿಕರಕ್ಕಲ್ಲ, ಹುಡುಗ ಬೇರೆ ಜಾತಿ ಅಂತ. ಹೈಕೋರ್ಟಿನ ಧಾರವಾಡ ಪೀಠದವರೂ ಇದನ್ನೇ ಕೇಳಿದ್ದರಲ್ಲ?

ಮೇಷ್ಟ್ರು: 2022ರ ನವೆಂಬರಿನಲ್ಲಿ. ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಹೋದ ಪ್ರಕರಣಗಳನ್ನು ನೋಡಿ, ವಯಸ್ಸಿನ ವಿಷಯ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿದರು. ಆಯೋಗ 2023ರಲ್ಲಿ ವರದಿ ಕೊಟ್ಟಿತು, ಹದಿನೆಂಟನ್ನು ಇಳಿಸಬಾರದು ಅಂತ. ನಾನೂ ಆಯೋಗದ ಕಡೆ. ಇಳಿಸಿದರೆ ಬಾಲ್ಯವಿವಾಹ ಮಾಡಿಸೋರಿಗೆ ಬಾಗಿಲು ತೆರೆದ ಹಾಗೆ.

ಸಿಸ್ಟರ್: ನಾನು ಪೀಠದ ಕಡೆ. ಇದು ನಮ್ಮಿಬ್ಬರ ಮಧ್ಯೆ ಬಗೆಹರಿಯಲ್ಲ, ಬಿಡಿ.

ಹೊಸನಗರ ಬಸ್ ಸ್ಟ್ಯಾಂಡಿನಲ್ಲಿ ಜನ ಇಳಿದು ಹತ್ತಿದರು. ಅಡಿಕೆ ಸುಲಿಯಲು ಬಂದ ಬಯಲುಸೀಮೆಯ ಒಂದು ಕುಟುಂಬ ಹಿಂದಿನ ಸೀಟಿಗೆ ಬಂತು. ಮಾತಿನ ದಾರಿ ಅಲ್ಲಿಂದ ತಿರುಗಿತು.

ಮೇಷ್ಟ್ರು: ಒಂದು ಸಮಾಧಾನ ಸಿಸ್ಟರ್. ಇದು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ, ಯಾದಗಿರಿ ಕಡೆಯ ಕಥೆ. ನಮ್ಮ ಮೂರು ತಾಲ್ಲೂಕಿನಲ್ಲಿ ಗಂಡಿಗೆ ಹೆಣ್ಣೇ ಸಿಗ್ತಾ ಇಲ್ಲ. ತೋಟ, ಮನೆ, ಕಾರು ಇದ್ದವನು ನಲವತ್ತಾದರೂ ಬ್ರಹ್ಮಚಾರಿ. ಹುಡುಗಿಯರು ಓದಿ ಬೆಂಗಳೂರಿಗೆ ಹೋದರು.

ಸಿಸ್ಟರ್: ಯಾರ ಮನೆ ಹುಡುಗಿಯರು?

ಮೇಷ್ಟ್ರು: ಅಂದರೆ?

ಸಿಸ್ಟರ್: ತೋಟದ ಮಾಲೀಕರ ಮನೆಯ ಹುಡುಗಿ ಬೆಂಗಳೂರಿಗೆ ಹೋದಳು. ತೋಟಕ್ಕೆ ಕೆಲಸಕ್ಕೆ ಬಂದವರ ಮಗಳು ಎಲ್ಲಿದ್ದಾಳೆ? ಕೊನೆಕೊಯ್ಲಿನ ಹೊತ್ತಿಗೆ ಬರ್ತಾರೆ, ನಾಲ್ಕು ತಿಂಗಳು ಶೆಡ್ಡಿನಲ್ಲಿರ್ತಾರೆ. ಹದಿಮೂರು ಹದಿನಾಲ್ಕರ ಹುಡುಗಿ ಅಡಿಕೆ ಸುಲೀತಾಳೆ, ತಮ್ಮನನ್ನ ನೋಡ್ಕೊಳ್ತಾಳೆ. ಹಾಜರಿ ಆ ಊರಲ್ಲೂ ಇಲ್ಲ, ಈ ಊರಲ್ಲೂ ಇಲ್ಲ. ಅಪ್ಪ ಅಮ್ಮ ತೋಟಕ್ಕೆ ಹೋದಾಗ ಶೆಡ್ಡಿನಲ್ಲಿ ಹುಡುಗಿ ಒಬ್ಬಳೇ ಅಂತ ಹೆದರಿಕೆ. ಹೆದರಿಕೆಗೆ ಔಷಧಿ ಮದುವೆ. ಅವಳು ಬಯಲುಸೀಮೆಯ ಲೆಕ್ಕಕ್ಕೆ ಸೇರಿದಳೋ, ಮಲೆನಾಡಿನ ಲೆಕ್ಕಕ್ಕೋ? ‘ನಮ್ಮಲ್ಲಿ ಇಲ್ಲ’ ಅನ್ನೋರು ಅವಳನ್ನ ‘ನಮ್ಮವಳು’ ಅಂತ ಒಪ್ಪಿಲ್ಲ, ಅಷ್ಟೇ.

ಮೇಷ್ಟ್ರು: ಅವರನ್ನ ಬಿಟ್ಟು ಊರವರಲ್ಲಿ?

ಸಿಸ್ಟರ್: ಊರವರಲ್ಲಿ ಮದುವೆ ತಡವಾಗಿದೆ, ಒಪ್ಪಿದೆ. ಆದರೆ ಮದುವೆಯಿಲ್ಲದ ಬಸಿರು ಇದ್ಯಲ್ಲ, ಅದು ಇನ್ನೂ ಆಳಕ್ಕೆ ಹೋಗಿದೆ. ಬಾಲ್ಯವಿವಾಹಕ್ಕೆ ಚಪ್ಪರ ಹಾಕಬೇಕು, ಯಾರಾದರೂ ನೋಡಿ ಫೋನ್ ಮಾಡ್ತಾರೆ. ಇದಕ್ಕೆ ಚಪ್ಪರ ಇಲ್ಲ. ಸಮೀಕ್ಷೆಯವರು ಅಂಗಳಕ್ಕೆ ಬಂದು ಕೇಳಿದರೆ ಯಾವ ಅಮ್ಮ ಹೇಳ್ತಾಳೆ? ಘಾಟಿ ಇಳಿಸಿ, ಗುರುತಿಲ್ಲದ ಊರಿಗೆ ಕರ್ಕೊಂಡು ಹೋಗ್ತಾರೆ. ಇಲ್ಲಾ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಕೊಟ್ಟು ರಕ್ತ ನಿಲ್ಲದಿದ್ದಾಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡ್ತಾರೆ.

ಮೇಷ್ಟ್ರು: ಇದೇನು ಹೊಸದಲ್ಲ ಈ ಮಣ್ಣಿಗೆ. ಇದೇ ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರು ‘ಘಟಶ್ರಾದ್ಧ’ ಬರೆದರು, ಇದೇ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿ 1977ರಲ್ಲಿ ಅದನ್ನ ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ಬಸಿರಾದ ಎಳೆಯ ವಿಧವೆಗೆ ಬದುಕಿರುವಾಗಲೇ ಶ್ರಾದ್ಧ. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಆ ಕಾಲ ಮುಗಿಯಿತು ಅಂದುಕೊಂಡೆವು.

ಸಿಸ್ಟರ್: ಶ್ರಾದ್ಧ ಮುಗಿಯಿತು, ಗುಟ್ಟು ಮುಗಿಯಲಿಲ್ಲ. ಆದರೆ ನೀವು ಕಾನೂನು ಕಾನೂನು ಅಂತೀರಲ್ಲ, ಅದರಲ್ಲೂ ನಾವು ಹಿಂದೆ ಬಿದ್ದವರಲ್ಲ. ಇದು ಮೈಸೂರು ಸಂಸ್ಥಾನದ ಸೀಮೆ.

ಮೇಷ್ಟ್ರು: ಹೌದು. 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನ ಸಂಸ್ಥಾನ ಅಪರಾಧ ಮಾಡಿತು. ಐವತ್ತು ದಾಟಿದವನು ಹದಿನಾಲ್ಕರ ಒಳಗಿನವಳನ್ನ ಮದುವೆಯಾದರೆ ಶಿಕ್ಷೆ. ದೇಶಕ್ಕೆ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಆಗ ಹೆಣ್ಣಿಗೆ ಹದಿನಾಲ್ಕು, ಆಮೇಲೆ ಹದಿನೈದು, 1978ರಲ್ಲಿ ಹದಿನೆಂಟು. ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ಅಂತ ಜಗತ್ತಿನಲ್ಲೇ ಮೊದಲು ತೆರೆದದ್ದೂ ಮೈಸೂರು, 1930ರಲ್ಲಿ.

ಸಿಸ್ಟರ್: ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತು ವರ್ಷಕ್ಕೂ ಹೆಚ್ಚು ಬೇಕಾಯ್ತು. ಆ ಏರಿಕೆಯಲ್ಲಿ ಪೊಲೀಸರದ್ದೆಷ್ಟು, ಶಾಲೆಯದ್ದೆಷ್ಟು? ನನ್ನ ಕಣ್ಣಿಗೆ ಕಂಡದ್ದು ಶಾಲೆ. ಹೈಸ್ಕೂಲು ಹತ್ತಿರ ಬಂದ ಊರಲ್ಲಿ ಮದುವೆ ಮುಂದೆ ಹೋಯ್ತು. ಪಿಯು ಕಾಲೇಜು ಹತ್ತಿರ ಬಂದಲ್ಲಿ ಇನ್ನೂ ಎರಡು ವರ್ಷ ಮುಂದೆ ಹೋಯ್ತು. ಹುಡುಗಿ ಪುಸ್ತಕ ಹಿಡಿದು ಬಸ್ಸಿಗೆ ನಿಂತಿದ್ದಷ್ಟು ದಿನ ಯಾರೂ ‘ಗಂಡು ನೋಡಿದ್ರಾ’ ಅಂತ ಕೇಳಲ್ಲ.

ಮೇಷ್ಟ್ರು: ಬಸ್ಸು! ಶಕ್ತಿ ಯೋಜನೆಯಲ್ಲಿ 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಆದರೆ ನಮ್ಮ ಈ ದಾರಿಗಳಲ್ಲಿ ಓಡಾಡೋದು ಹೆಚ್ಚು ಖಾಸಗಿ ಬಸ್ಸು. ನನ್ನ ಕ್ಲಾಸಿನ ಹುಡುಗಿಯರು ಈಗಲೂ ಪಾಸಿಗೆ, ಟಿಕೆಟ್ಟಿಗೆ ದುಡ್ಡು ಹೊಂದಿಸ್ತಾರೆ. ಸಂಜೆ ಬಸ್ಸು ತಪ್ಪಿದರೆ ಕಾಡುದಾರಿ. ಮಳೆಗಾಲದಲ್ಲಿ ಅಪ್ಪ ಹೇಳ್ತಾನೆ, ‘ಸಾಕು ಓದಿದ್ದು’.

ಸಿಸ್ಟರ್: ನೋಡಿ, ಇದು ಬಾಲ್ಯವಿವಾಹದ ಕಾರಣ. ಇದಕ್ಕೆ ಯಾವ ಸೆಕ್ಷನ್ ಹಾಕ್ತೀರಿ? ತುಮರಿ ಕಡೆ ಕೆಲಸ ಮಾಡಿದವರನ್ನ ಕೇಳಿ. ಕತ್ತಲಾದ ಮೇಲೆ ಲಾಂಚ್ ಇರ್ತಿರಲಿಲ್ಲ, ಹೆರಿಗೆ ನೋವು ಬಂದವಳು ಹಿನ್ನೀರಿನ ಆಚೆ. ಲಿಂಗನಮಕ್ಕಿ ಆಣೆಕಟ್ಟು ಎದ್ದಾಗಿಂದ ಅದೇ ಪಾಡಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದದ್ದು 2025ರ ಜುಲೈಯಲ್ಲಿ. ಆ ಸೇತುವೆ ಮೇಲೆ ಆಂಬುಲೆನ್ಸೂ ಹೋಗ್ತದೆ, ಕಾಲೇಜಿಗೆ ಹುಡುಗಿಯೂ ಹೋಗ್ತಾಳೆ.

ಮೇಷ್ಟ್ರು: ಸೇತುವೆ, ಬಸ್ಸು, ಕಾಲೇಜು, ಎಲ್ಲ ಬೇಕು. ಆದರೆ ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ ಇದ್ದ ಹುಡುಗಿಯೂ ಬಸಿರಾದಳಲ್ಲ? ಶಾಲೆ ಒಂದೇ ತಾಯತ ಅಲ್ಲ.

ಸಿಸ್ಟರ್: ಅಲ್ಲಿ ನಾನು ನಿಮ್ಮನ್ನ ಕೇಳ್ತೀನಿ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಎಷ್ಟು ಶಾಲೆಯಲ್ಲಿ ಪೂರ್ತಿ ಮಾಡ್ತಾರೆ?

ಮೇಷ್ಟ್ರು: ಹೂವಿನ ಪರಾಗದವರೆಗೆ ಚೆನ್ನಾಗಿ ಮಾಡ್ತಾರೆ. ಮನುಷ್ಯರ ವಿಷಯ ಬಂದಾಗ ‘ಮನೆಯಲ್ಲಿ ಓದ್ಕೊಳ್ಳಿ’ ಅಂತಾರೆ. ಮನೆಯಲ್ಲಿ ಓದೋದು ಮೊಬೈಲಿನಲ್ಲಿ.

ಸಿಸ್ಟರ್: ಆಸ್ಪತ್ರೆಗಳಲ್ಲಿ ಹರೆಯದವರಿಗೆ ಅಂತಲೇ ‘ಸ್ನೇಹ ಕ್ಲಿನಿಕ್’ ಬೋರ್ಡು ಇದೆ. ಹುಡುಗಿ ಅದರೊಳಗೆ ಹೋದರೆ ಎದುರಿನ ಔಷಧಿ ಸಾಲಿನಲ್ಲಿ ಅವಳ ದೊಡ್ಡಮ್ಮ ನಿಂತಿರ್ತಾಳೆ. ಮುಟ್ಟು ನಿಂತರೆ ಎಷ್ಟು ದಿನದೊಳಗೆ ಯಾರ ಹತ್ತಿರ ಹೋಗಬೇಕು ಅಂತ ನಮ್ಮ ಹುಡುಗಿಗೆ ಗೊತ್ತಿಲ್ಲ. ಐದು ತಿಂಗಳಾದ ಮೇಲೆ, ಯೂನಿಫಾರಂ ಬಿಗಿಯಾದ ಮೇಲೆ ಅಮ್ಮನಿಗೆ ಗೊತ್ತಾಗೋದು.

ಮೇಷ್ಟ್ರು: ಅದಕ್ಕೇ 2021ರ ತಿದ್ದುಪಡಿಯಲ್ಲಿ ಅಪ್ರಾಪ್ತರಿಗೆ ಗರ್ಭಪಾತದ ಮಿತಿಯನ್ನ 24 ವಾರಕ್ಕೆ ಏರಿಸಿದ್ದು.

ಸಿಸ್ಟರ್: ಏರಿಸಿದ್ದು ಒಳ್ಳೇದು. ಆದರೆ ಡಾಕ್ಟರ ಹತ್ತಿರ ಹೋದರೆ ಪೊಲೀಸು ಬರ್ತಾರೆ ಅಂತ ಊರಿಗೆಲ್ಲ ಗೊತ್ತು. ಆ ಹೆದರಿಕೆಯಲ್ಲೇ 24 ವಾರವೂ ಕಳೆದುಹೋಗ್ತದೆ.

ಮೇಷ್ಟ್ರು: ಅರ್ಧ ಗೊತ್ತು ಅನ್ನಿ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಊರಿಗೆ ಗೊತ್ತಿಲ್ಲ. ಹುಡುಗಿ ಮತ್ತು ಅವಳ ಪೋಷಕರು ಬೇಡ ಅಂದರೆ, ಡಾಕ್ಟರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಹುಡುಗಿಯ ಹೆಸರು, ಗುರುತು ಹೇಳಬೇಕಾಗಿಲ್ಲ.

ಸಿಸ್ಟರ್: ಹೌದಾ? ಹಾಗಿದ್ದರೆ ನಿಮ್ಮ ಕಾನೂನೂ ನನ್ನ ಕಡೆ ಸ್ವಲ್ಪ ವಾಲಿದೆ.

ಮೇಷ್ಟ್ರು: ವಾಲಿದೆ. ನಾನೂ ಒಂದಷ್ಟು ವಾಲ್ತೀನಿ. ಜೈಲು ಒಂದರಿಂದ ಹುಡುಗಿ ಬದುಕಲ್ಲ, ಒಪ್ಪಿದೆ. ನೀವೂ ಒಂದು ಒಪ್ಪಿ. ಅತ್ತೆ ಹೇಳಿದ ಹತ್ತೊಂಬತ್ತನ್ನ ಬರೆದುಕೊಂಡಾಗ ಒಂದು ಹುಡುಗಿಯ ಹೆರಿಗೆ ಸಲೀಸಾಯಿತು, ಆದರೆ ಅದೇ ಮನೆಯ ಮುಂದಿನ ಹುಡುಗಿಗೆ ಯಾವ ತಡೆಯೂ ಉಳಿಯಲಿಲ್ಲ. ಸರ್ಕಾರಕ್ಕೂ ‘ಈ ಪಂಚಾಯ್ತಿಯಲ್ಲಿ ಸಮಸ್ಯೆಯೇ ಇಲ್ಲ’ ಅಂತ ಕಾಣಿಸಿತು. ಸಮಸ್ಯೆ ಇಲ್ಲದಲ್ಲಿಗೆ ಯಾವ ದುಡ್ಡೂ, ಬಸ್ಸೂ ಬರಲ್ಲ.

ಸಿಸ್ಟರ್: ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನಿಜ ಬರೆದವಳಿಗೆ ಊರಲ್ಲಿ ಕೆಲಸ ಮಾಡೋಕೆ ಬಿಡಬೇಕಲ್ಲ? ಆಶಾ ಕಾರ್ಯಕರ್ತೆ ಅದೇ ಊರ ಸೊಸೆ. ಮದುವೆ ನಿಲ್ಲಿಸಿದಳು ಅಂತ ಗೊತ್ತಾದರೆ ನಾಳೆ ಅವಳಿಗೆ ಬಾವಿ ನೀರು ಸೇದಲೂ ಬಿಡಲ್ಲ. ಭಾರ ಎಲ್ಲ ಅವಳ ತಲೆ ಮೇಲೆ ಹಾಕಿದ್ದೀರಿ.

ಮೇಷ್ಟ್ರು: ಅದಕ್ಕೆ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಇದೆ, ವರ್ಷವರ್ಷ ನವೆಂಬರಿನ ಹೊತ್ತಿಗೆ ನಡೀಬೇಕು. ಅಲ್ಲಿ ಹುಡುಗಿಯರೇ ಎದ್ದು ನಿಂತು ‘ಸಂಜೆ ಬಸ್ಸು ಬೇಕು’, ‘ನನ್ನ ಗೆಳತಿ ಶಾಲೆಗೆ ಬರ್ತಾ ಇಲ್ಲ’ ಅಂತ ಹೇಳಬಹುದು. ಎಷ್ಟೋ ಕಡೆ ಅದು ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗೀತದೆ.

ಸಿಸ್ಟರ್: ಭಾಗ್ಯಲಕ್ಷ್ಮಿ ಬಾಂಡು ಇತ್ತಲ್ಲ, 2006ರ ಏಪ್ರಿಲ್‌ನಿಂದ ಹುಟ್ಟಿದ ಬಡವರ ಮನೆ ಹೆಣ್ಣುಮಕ್ಕಳಿಗೆ. ಹದಿನೆಂಟರವರೆಗೆ ಮದುವೆ ಮಾಡದಿದ್ದರೆ ದುಡ್ಡು. ಮೊದಲ ಹುಡುಗಿಯರಿಗೆ 2024ರಲ್ಲಿ ಹದಿನೆಂಟು ತುಂಬಿತು. ಒಂದಷ್ಟು ಮನೆಗಳಲ್ಲಿ ಆ ಬಾಂಡಿನ ಆಸೆಗೆ ಮದುವೆ ಮುಂದೆ ಹೋಯ್ತು. ಅದನ್ನ ನೋಡಿ ನನಗೆ ಖುಷಿಯೇ. ಆದರೆ ಎಷ್ಟೋ ಮನೆಯಲ್ಲಿ ದುಡ್ಡು ಬಂದ ತಿಂಗಳೇ ಚಪ್ಪರ ಬಿತ್ತು. ಆ ದುಡ್ಡೇ ಮದುವೆ ಖರ್ಚು.

ಮೇಷ್ಟ್ರು: ಹದಿನೆಂಟು ತುಂಬಿದ ಮಾರನೇ ದಿನದ ಮದುವೆ ಸಮೀಕ್ಷೆಯಲ್ಲಿ ಒಳ್ಳೆಯ ಅಂಕಿ!

ಸಿಸ್ಟರ್: ಹತ್ತೊಂಬತ್ತಕ್ಕೆ ಅವಳು ಹೆತ್ತರೆ ಅದು ಹದಿಹರೆಯದ ಬಸಿರು ಅಂತ ಕೆಟ್ಟ ಅಂಕಿ. ಅದೇ ಹುಡುಗಿ, ಅದೇ ಹೊಟ್ಟೆ. ಹಾಗಾಗಿ ನಾನು ಅಂಕಿ ಕೇಳಲ್ಲ. ನಿನಗೆ ಇದು ಬೇಕಿತ್ತಾ ಅಂತ ಅವಳನ್ನ ಯಾರಾದರೂ ಕೇಳಿದ್ರಾ, ಅದನ್ನ ಕೇಳ್ತೀನಿ.

ಮೇಷ್ಟ್ರು: ಹದಿನಾಲ್ಕರವಳಿಗೆ ಆ ಪ್ರಶ್ನೆ ಕೇಳಿದರೂ ಉತ್ತರ ಹೇಳುವ ಧೈರ್ಯ ಇರಲ್ಲ. ಅವಳ ಪರವಾಗಿ ಕಾನೂನು ‘ಬೇಡ’ ಅನ್ನಲೇಬೇಕು. ಇಷ್ಟರಲ್ಲಿ ನಾನು ಹಿಂದೆ ಸರಿಯಲ್ಲ.

ತೀರ್ಥಹಳ್ಳಿ ಬರುವವರೆಗೂ ಇಬ್ಬರೂ ತಮ್ಮ ತಮ್ಮ ಪಟ್ಟು ಬಿಡಲಿಲ್ಲ. ಒಪ್ಪಿಗೆಯ ವಯಸ್ಸಿನ ಬಗ್ಗೆ ನ್ಯಾಯಾಲಯಕ್ಕೂ ಆಯೋಗಕ್ಕೂ ಇಲ್ಲದ ಒಮ್ಮತ ಬಸ್ಸಿನ ಸೀಟಿನಲ್ಲಿ ಹುಟ್ಟಬೇಕಾಗಿಯೂ ಇಲ್ಲ. ಆದರೆ ಓದುವವರ ಮನೆಯಲ್ಲೋ ಪಕ್ಕದ ಶೆಡ್ಡಿನಲ್ಲೋ ಇಂಥ ಹುಡುಗಿಯೊಬ್ಬಳಿದ್ದರೆ ಈ ಚರ್ಚೆ ಮುಗಿಯುವವರೆಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098, ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಆಮೇಲೆ 24 ವಾರದವರೆಗೆ ಇಬ್ಬರದು ಬೇಕು. ಅಪ್ರಾಪ್ತೆಯಾದರೆ ಪೋಷಕರ ಸಹಿ ಬೇಕು, ಹೆಸರು ಗುಟ್ಟಾಗಿರಲಿ ಎಂದು ಕೇಳುವ ಹಕ್ಕೂ ಇದೆ. ಹೆರುವುದಾದರೆ ತಾಯಿ ಕಾರ್ಡಿನಲ್ಲಿ ಅವಳ ನಿಜವಾದ ವಯಸ್ಸನ್ನೇ ಬರೆಸಿ. ಹೆರಿಗೆ ಮಾಡಿಸುವ ವೈದ್ಯರು ಎಷ್ಟು ಎಚ್ಚರ ವಹಿಸಬೇಕು ಎಂಬುದು ಆ ವಯಸ್ಸಿನ ಮೇಲೆ ನಿಂತಿದೆ.